ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲು

ಡಲ್ಲಾಸ್‌ನಿಂದ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್‌ಗೆ ಕಾರಿನಲ್ಲಿ ಸುಮಾರು ಐದು ಗಂಟೆಯ ಹಾದಿ. ಹಳೆಯ ಬಡಾವಣೆಯೊಂದರ ಮನೆಗಳನ್ನು ದಾಟುತ್ತಿದ್ದಂತೆ ಈ ಸರ್ಕಾರಿ ಶಾಲೆ ಎದುರಾಗುತ್ತದೆ. 1927ರಲ್ಲಿ 15 ಲಕ್ಷ ಡಾಲರ್ ಸುರಿದು ಕಟ್ಟಿದ್ದು, ಅರಮನೆಯ ಗತ್ತಿದೆ. ಮುಂಬಾಗಿಲ ಮೇಲೆ ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ ಎಂಬ ನಾಲ್ಕು ಮೂರ್ತಿಗಳು. ಅವುಗಳ ಕೆಳಗೆ ಮೂವತ್ತು ವರ್ಷ ಬಿಳಿಯರ ಮಕ್ಕಳಿಗಷ್ಟೇ ಪ್ರವೇಶವಿತ್ತು. ಕಪ್ಪು ಮಕ್ಕಳಿಗೆ 1929ರಲ್ಲಿ 4 ಲಕ್ಷ ಡಾಲರಿನ ಡನ್‌ಬಾರ್ ಶಾಲೆ ಬಂತು. ಇಲ್ಲಿ ಓದಿ ಹಳತಾದ ಪುಸ್ತಕಗಳು ಅಲ್ಲಿಗೆ ಹೋಗುತ್ತಿದ್ದವು.

ಒಳಗೆ ಹೋಗುವ ಮುನ್ನ ಪಾರ್ಕ್ ಸ್ಟ್ರೀಟಿನಲ್ಲಿ ಶಾಲೆಯ ಉದ್ದಕ್ಕೂ ನಡೆದೆವು. 1957ರ ಸೆಪ್ಟೆಂಬರ್ 4ರಂದು ಹದಿನೈದರ ಕಪ್ಪು ಹುಡುಗಿ ಎಲಿಜಬೆತ್ ಎಕ್‌ಫರ್ಡ್ ಇದೇ ಬೀದಿಯಲ್ಲಿ ಒಬ್ಬಳೇ ನಡೆದಳು. ಕೋರ್ಟಿನ ಆದೇಶದಂತೆ ಈ ಶಾಲೆಗೆ ಮೊದಲ ಬಾರಿ ಸೇರಲಿದ್ದ ಒಂಬತ್ತು ಕಪ್ಪು ಮಕ್ಕಳೂ ಒಟ್ಟಿಗೆ ಹೋಗಬೇಕೆಂದು ಹಿಂದಿನ ರಾತ್ರಿ ತೀರ್ಮಾನವಾಗಿತ್ತು. ಅವಳ ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ಮುಟ್ಟಲಿಲ್ಲ. ಶಾಲೆಯ ಮೊದಲ ದಿನಕ್ಕೆಂದೇ ಹೊಲಿದ ಬಟ್ಟೆ ಉಟ್ಟು ಬಸ್ಸಿಳಿದು ಬಂದವಳಿಗೆ ರಾಜ್ಯದ ಗವರ್ನರ್ ಫಾಬಸ್ ನಿಲ್ಲಿಸಿದ್ದ ಸೈನಿಕರು ದಾರಿ ಬಿಡಲಿಲ್ಲ. ಬೆನ್ನ ಹಿಂದೆ ಕೊಲ್ಲಿ ಎಂದು ಕಿರುಚುವ ಗುಂಪು. ಬೀದಿಯ ಕೊನೆಯ ಬಸ್ ನಿಲ್ದಾಣದ ಬೆಂಚಿಗೆ ಅವಳು ಹೋಗಿ ಕೂತಳು. ನಮಗದು ಕೆಲವೇ ನಿಮಿಷದ ನಡಿಗೆ. ಕಪ್ಪು ಕನ್ನಡಕದಲ್ಲಿ ಕಣ್ಣು ಮರೆಸಿಕೊಂಡು, ಪುಸ್ತಕ ಅವಚಿಕೊಂಡು ನಡೆದ ಅವಳ ಫೋಟೋ ನೋಡಿದ್ದವಳಿಗೆ ನನಗೆ ಅದು ಮುಗಿಯದ ದಾರಿ ಅನ್ನಿಸಿತು. ಆ ಬೆಂಚಿನ ಮಾದರಿಯನ್ನು 2018ರಲ್ಲಿ ಅಲ್ಲಿ ಇಟ್ಟಿದ್ದಾರೆ. ಅದನ್ನು ಮಾಡುವುದರಲ್ಲಿ ಇದೇ ಶಾಲೆಯ ವಿದ್ಯಾರ್ಥಿಗಳ ಕೈಯಿದೆ.

ಸೆಪ್ಟೆಂಬರ್ 25ಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಕಳಿಸಿದ ಸೈನ್ಯದ ಕಾವಲಿನಲ್ಲಿ ಒಂಬತ್ತೂ ಮಕ್ಕಳು ಒಳಹೊಕ್ಕರು. ಸೈನಿಕರು ಕಾರಿಡಾರಿನವರೆಗೆ ಮಾತ್ರ. ತರಗತಿಯೊಳಗೆ, ಶೌಚಾಲಯದಲ್ಲಿ ಕಾಯುವವರಿಲ್ಲ. ವರ್ಷವಿಡೀ ನೂಕಾಟ, ಉಗುಳು, ಬೈಗುಳ. ತಿರುಗಿಬಿದ್ದ ಮಿನ್ನಿಜೀನ್ ಬ್ರೌನ್‌ಳನ್ನು ಶಾಲೆಯಿಂದ ಹೊರಹಾಕಿದರು.

ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬೇಸ್‌ಬಾಲ್‌ನ ಬ್ರೂಕ್ಸ್ ರಾಬಿನ್ಸನ್‌ರಂಥ ತಾರೆಯರೂ ಇದ್ದಾರೆ. ನನ್ನ ಮಟ್ಟಿಗೆ ಮೊದಲ ಹೆಸರು ಆ ಒಂಬತ್ತು ಮಕ್ಕಳಲ್ಲಿ ಒಬ್ಬರಾದ ಅರ್ನೆಸ್ಟ್ ಗ್ರೀನ್‌ರದು. 1958ರ ಮೇ ತಿಂಗಳಲ್ಲಿ ಇಲ್ಲಿಂದ ಪದವಿ ಪತ್ರ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರು. ಎಲ್ಲರ ಹೆಸರಿಗೂ ಬಿದ್ದ ಚಪ್ಪಾಳೆ ಅವರ ಹೆಸರು ಕರೆದಾಗ ನಿಂತುಹೋಯಿತಂತೆ. ಸಭಿಕರ ನಡುವೆ ಅವರ ಮನೆಯವರ ಜೊತೆ ಮಾರ್ಟಿನ್ ಲೂಥರ್ ಕಿಂಗ್ ಕೂತಿದ್ದರು.

ಮರುವರ್ಷ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವ ಬದಲು ಊರಿನ ಪ್ರೌಢಶಾಲೆಗಳಿಗೆಲ್ಲ ಬೀಗ ಜಡಿದರು. ಸುಮಾರು 3,700 ಮಕ್ಕಳ ತರಗತಿ ನಿಂತಿತು, ಫುಟ್‌ಬಾಲ್ ಪಂದ್ಯ ಮಾತ್ರ ನಿಲ್ಲಲಿಲ್ಲ! ಶಾಲೆ ತೆರೆದ ಮೇಲೆ ಆ ಒಂಬತ್ತರಲ್ಲಿ ಕಾರ್ಲೋಟಾ ವಾಲ್ಸ್ ಮತ್ತು ಜೆಫರ್ಸನ್ ಥಾಮಸ್ ಮರಳಿ ಬಂದು 1960ರಲ್ಲಿ ಇಲ್ಲೇ ಓದು ಮುಗಿಸಿದರು. ಅವರ ಛಲಕ್ಕೆ ಕೈಮುಗಿಯಬೇಕು.

ಶಾಲೆ ಈಗಲೂ ನಡೆಯುತ್ತಿದೆ, ಎಲ್ಲ ಬಣ್ಣದ ಮಕ್ಕಳೂ ಓದುತ್ತಾರೆ. ಹಾಗಾಗಿ ಒಳಗೆ ಸುಮ್ಮನೆ ಹೋಗುವಂತಿಲ್ಲ. ರಾಷ್ಟ್ರೀಯ ಉದ್ಯಾನ ಇಲಾಖೆಯ ರೇಂಜರ್ ಜೊತೆ ಹೋಗಬೇಕು, ಮುಂಚೆಯೇ ಕಾಯ್ದಿರಿಸಬೇಕು. ರಸ್ತೆಯಾಚೆಯ ಮ್ಯೂಸಿಯಂಗೂ ಸೇರಿಸಿ ಅರ್ಧ ದಿನ ಇಟ್ಟುಕೊಳ್ಳಿ.