ಕೋಕೋ ಕಾಯಿಕೊಳೆ: ಮೈಲುತುತ್ತಿನ ಆಚೆಗಿನ ದಾರಿಗಳು

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ನಿಂತಿರುವ ಕೋಕೋಗೆ ಮಳೆಗಾಲದ ದೊಡ್ಡ ಪಿಡುಗು ಕಾಯಿಕೊಳೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ಥೊರಾ ಕುಲದ್ದೇ ಇನ್ನೊಂದು ಪ್ರಭೇದವಾದ ಪಾಲ್ಮಿವೊರಾ ಇದಕ್ಕೆ ಮುಖ್ಯ ಕಾರಣ. ರೂಢಿಯಲ್ಲಿ ನಾವು ಶಿಲೀಂಧ್ರವೆಂದೇ ಕರೆಯುವ ಈ ಜೀವಿಯ ಬೀಜಾಣುಗಳು ನೀರಿನ ತೆಳು ಪದರದಲ್ಲಿ ಈಜಬಲ್ಲವು. ಹಾಗಾಗಿ ಯಾವ ಮದ್ದಿಗೇ ಆದರೂ ಕೈಹಾಕುವ ಮುನ್ನ ತೋಟದಲ್ಲಿ ತೇವ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಬೇಕು.

ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ, ಈ ರೋಗವನ್ನು ತಡೆಯುತ್ತದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ವರ್ಷವರ್ಷವೂ ಅಡಿಕೆಗೆ ಹೊಡೆದ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಕೋಕೋಗೂ ಅದನ್ನೇ ಸುರಿದರೆ ಆ ಹೊರೆ ಹೆಚ್ಚುತ್ತದೆ ಎಂಬ ಕಾರಣಕ್ಕೆ ಹಲವರು ಬದಲಿ ಹುಡುಕುತ್ತಿದ್ದಾರೆ.

ನನ್ನ ಅಭಿಪ್ರಾಯದಲ್ಲಿ ಮೊದಲ ಬದಲಿ ಕತ್ತಿ. ರೋಗ ತಗುಲಿದ ಕಾಯಿಯ ಮೇಲೆ ಚಾಕೊಲೇಟ್ ಬಣ್ಣದ ಮಚ್ಚೆ ಮೂಡಿ, ಅಂಚು ಹಿಗ್ಗುತ್ತಾ ಹೋಗಿ, ಕೆಲವೇ ದಿನಗಳಲ್ಲಿ ಇಡೀ ಕಾಯಿ ಕಪ್ಪಾಗಿ ಮೇಲೆ ಬಿಳಿಯ ಪುಡಿಯಂಥ ಬೆಳವಣಿಗೆ ಕಾಣಿಸುತ್ತದೆ. ಆ ಬಿಳುಪು ಮೂಡುವ ಮೊದಲೇ ಕಾಯಿಯನ್ನು ಕೊಯ್ದು ತೋಟದಿಂದ ಹೊರಗೆ ಹೂಳಬೇಕು. ಕೊಯ್ಯುವಾಗ ಕಾಂಡದ ಮೇಲಿನ ಹೂಗಂಟಿಗೆ ಗಾಯವಾಗಬಾರದು, ಏಕೆಂದರೆ ಮುಂದಿನ ವರ್ಷದ ಹೂವೂ ಅಲ್ಲಿಂದಲೇ ಬರಬೇಕು. ಮರದಲ್ಲೇ ಒಣಗಿ ಜೋತುಬಿದ್ದ ಎಳೆ ಮಿಡಿಗಳೆಲ್ಲ ರೋಗದ್ದಲ್ಲ. ಹೊರಲಾರದಷ್ಟು ಮಿಡಿ ಕಚ್ಚಿದಾಗ ಮರವೇ ಕೆಲವನ್ನು ಒಣಗಿಸುತ್ತದೆ, ಅದಕ್ಕೆ ಮದ್ದು ಹೊಡೆಯುವುದು ದುಡ್ಡು ದಂಡ. ಬಲಿತ ಕಾಯಿಗೆ ಕೊಳೆ ಹತ್ತಿದ್ದರೆ ತಕ್ಷಣ ಒಡೆದು ನೋಡಿ, ಒಳಗಿನ ಬೀಜ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ.

ಮಳೆ ಹಿಡಿಯುವ ಮೊದಲೇ ಒತ್ತಾದ ರೆಂಬೆಗಳನ್ನು ಸವರಿ, ಬಸಿಗಾಲುವೆ ಬಿಡಿಸಿ, ಮರದ ಬುಡಕ್ಕೆ ದರಕು (ಒಣ ಎಲೆ) ಹಾಸಿದರೆ ಮಣ್ಣಿನ ಸಿಡಿತ ಕೆಳಗಿನ ಕಾಯಿಗಳಿಗೆ ಅಷ್ಟಾಗಿ ತಾಗುವುದಿಲ್ಲ. ಒಡೆದ ಕಾಯಿಯ ಸಿಪ್ಪೆಯನ್ನು ಅಲ್ಲಲ್ಲೇ ರಾಶಿ ಬಿಡುವ ನಮ್ಮ ಅಭ್ಯಾಸವಂತೂ ರೋಗಕ್ಕೆ ಮನೆ ಕಟ್ಟಿಕೊಟ್ಟಂತೆ.

ರೋಗಾಣುಗಳನ್ನು ಹತ್ತಿಕ್ಕಲು ಬಳಸುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಬ್ರೆಜಿಲ್‌ನ ಬಾಹಿಯಾದಲ್ಲಿ 1989ರಲ್ಲಿ ಕಾಣಿಸಿಕೊಂಡ, ಕೋಕೋದ್ದೇ ಆದ ಮಾಟಗಾತಿ ಪೊರಕೆ ರೋಗದ ವಿರುದ್ಧ ಟ್ರೈಕೋಡರ್ಮಾ ಸ್ಟ್ರೊಮಾಟಿಕಮ್ ಬಳಸಿದ್ದನ್ನು ನಮ್ಮಲ್ಲಿ ಕೆಲವರು ಕಾಯಿಕೊಳೆಗೂ ಸಾಕ್ಷಿಯಾಗಿ ತೋರಿಸುತ್ತಾರೆ. ಆ ರೋಗವೇ ಬೇರೆ, ಅದನ್ನು ತರುವ ಶಿಲೀಂಧ್ರವೂ ಬೇರೆ. ನಮ್ಮಲ್ಲಿ ಟ್ರೈಕೋಡರ್ಮಾವನ್ನು ಬೇವಿನ ಹಿಂಡಿ ಮತ್ತು ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಮುಚ್ಚಿಟ್ಟು ಬೆಳೆಸಿ, ಬುಡಕ್ಕೆ ಕೊಡುವುದು ಸೂಕ್ತ. ಅದು ಮಣ್ಣಿನಲ್ಲಿ ಅಡಗಿರುವ ರೋಗಾಣುವಿನ ಜೊತೆ ಪೈಪೋಟಿ ನಡೆಸುತ್ತದೆ, ಆಷಾಢದ ಜಡಿಮಳೆಯಲ್ಲಿ ಕಾಯಿಯ ಮೇಲೆ ಸಿಂಪಡಿಸಿದರೆ ತೊಳೆದುಹೋಗುತ್ತದೆ. ತಾಮ್ರ ಅದಕ್ಕೆ ಆಗಿಬರುವುದಿಲ್ಲವಾದ್ದರಿಂದ, ಅಡಿಕೆಗೆ ಬೋರ್ಡೋ ಹೊಡೆಯುವ ದಿನಕ್ಕೂ ಈ ಗೊಬ್ಬರ ಹಾಕುವ ದಿನಕ್ಕೂ ಕೆಲವು ವಾರಗಳ ಅಂತರವಿರಲಿ.

ಹುಳಿ ಮಜ್ಜಿಗೆ, ಜೀವಾಮೃತಗಳನ್ನೇ ನಂಬಿ ಕೂರಲು ನನಗೆ ಧೈರ್ಯವಿಲ್ಲ. ಮಳೆ ಬಿಟ್ಟು ಹೊಳವಾದಾಗಲೆಲ್ಲ ಒಂದು ಸುತ್ತು ಹೋಗಿ ಕೊಳೆತ ಕಾಯಿ ತೆಗೆದ ಮೇಲೂ ಮಚ್ಚೆಗಳು ಹೆಚ್ಚುತ್ತಲೇ ಇದ್ದರೆ, ಆ ಕೆಲವೇ ಮರಗಳಿಗೆ ಬೋರ್ಡೋ ಹೊಡೆಯುತ್ತೇನೆ.