ಮಗಳ ಎಂಬಿಬಿಎಸ್, ಅಪ್ಪನ ಪಿಂಚಣಿ, ದಾವಣಗೆರೆಯಲ್ಲೊಂದು ಮನೆ

ಸೇನೆಯಿಂದ ನಿವೃತ್ತಿಯಾಗುವ ಹೊತ್ತಿಗೇ ಮಗಳಿಗೋ ಮಗನಿಗೋ ಜೆ.ಜೆ.ಎಂ.ನಲ್ಲೋ ಎಸ್.ಎಸ್. ವೈದ್ಯಕೀಯ ಕಾಲೇಜಿನಲ್ಲೋ ಸೀಟು ಸಿಕ್ಕಿದರೆ, ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು: ಹೇಗೂ ಐದೂವರೆ ವರ್ಷ ಬಾಡಿಗೆ ಕಟ್ಟಬೇಕು, ಅದರ ಬದಲು ದಾವಣಗೆರೆಯಲ್ಲೇ ಒಂದು ಮನೆ ಕೊಂಡುಬಿಟ್ಟರೆ? ಕೈಯಲ್ಲಿ ಗ್ರಾಚ್ಯುಟಿ ಇದೆ, ಪಿಂಚಣಿ ಕಮ್ಯುಟೇಶನ್ನಿನ ಹಣ, ಅಂದರೆ ಪಿಂಚಣಿಯ ಒಂದು ಭಾಗಕ್ಕೆ ಬದಲಾಗಿ ಒಟ್ಟಿಗೆ ಸಿಗುವ ಮೊತ್ತ ಇದೆ, ಮಗುವಿಗೆ ಸೈನಿಕರ ಮಕ್ಕಳ ವಿದ್ಯಾರ್ಥಿವೇತನವೂ ಬರುತ್ತದೆ. ಎಲ್ಲ ಕೂಡಿ ಬಂದಂತೆ ಕಾಣುತ್ತದೆ.

ನಮ್ಮ ಅಭಿಪ್ರಾಯ ಸ್ಪಷ್ಟ. ಓದಿನ ಸಲುವಾಗಿ ಮನೆ ಕೊಳ್ಳಬೇಡಿ. ಅಪ್ಪ ಅಮ್ಮ ಇಲ್ಲೇ ನೆಲೆಸುವವರಾದರೆ ಕೊಳ್ಳಿ, ಅದನ್ನೂ ಪಿಂಚಣಿಯ ಬಲದ ಮೇಲೆ ಕೊಳ್ಳಿ. ವಿದ್ಯಾರ್ಥಿವೇತನವನ್ನು ಈ ಲೆಕ್ಕದಿಂದ ಪೂರ್ತಿ ಹೊರಗಿಡಿ.

ಹೊರಗಿಡಿ ಎನ್ನುವುದಕ್ಕೆ ಕಾರಣ ಮೊತ್ತದಲ್ಲೇ ಇದೆ. ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಬರುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500 ರೂಪಾಯಿ. ವರ್ಷಕ್ಕೊಮ್ಮೆ ಒಟ್ಟಿಗೆ ವಿದ್ಯಾರ್ಥಿಯ ಸ್ವಂತ ಖಾತೆಗೆ ಬೀಳುತ್ತದೆ, ಅಂದರೆ 36,000 ಅಥವಾ 30,000. ಇದು ಮಾಜಿ ಸೈನಿಕರ ಮಕ್ಕಳಿಗೆ, ಇನ್ನೂ ಸೇವೆಯಲ್ಲಿರುವವರ ಮಕ್ಕಳಿಗಲ್ಲ. ಪಿಯುಸಿಯಲ್ಲಿ ಶೇ. 60 ಅಂಕ ಬೇಕು, ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಎರಡನೇ ವರ್ಷ ನೆನಪಾಗಿ ಹಾಕಿದರೆ ಸಿಗುವುದಿಲ್ಲ. ಪ್ರತಿ ವರ್ಷ ಶೇ. 50ರ ಮೇಲೆ ಅಂಕ ತೋರಿಸಿ ನವೀಕರಿಸಬೇಕು. ಎಂಬಿಬಿಎಸ್‌ನಲ್ಲಿ ಒಂದು ವಿಷಯ ಹೋದರೂ ಆ ವರ್ಷದ ಹಣ ತಡೆಯಬಹುದು. ಹೀಗೆ ನಿಲ್ಲಬಹುದಾದ ಹಣದ ಮೇಲೆ, ಒಂದು ತಿಂಗಳೂ ನಿಲ್ಲದ ಇಎಂಐ ಹೊರಿಸಬಾರದು. ಬ್ಯಾಂಕೂ ಇದನ್ನು ಆದಾಯವೆಂದು ಎಣಿಸುವುದಿಲ್ಲ. ಪುಸ್ತಕ, ಮೂಳೆ ಸೆಟ್, ಸ್ಟೆತೊಸ್ಕೋಪ್, ಪರೀಕ್ಷಾ ಶುಲ್ಕ ಇವಕ್ಕೆ ಆ ಹಣ ಸರಿಯಾಗುತ್ತದೆ, ಅಲ್ಲಿಗೇ ಬಿಡಿ.

ಈಗ ಬಾಡಿಗೆ ಮತ್ತು ಖರೀದಿಯ ಲೆಕ್ಕ. 50 ಲಕ್ಷದ ಮನೆ, 30 ಲಕ್ಷ ಸಾಲ, ಶೇ. 8.5 ಬಡ್ಡಿ, 15 ವರ್ಷ ಎಂದಿಟ್ಟುಕೊಳ್ಳಿ. ಇಎಂಐ ಸುಮಾರು 29,500. ಐದೂವರೆ ವರ್ಷಕ್ಕೆ, ಅಂದರೆ 66 ಕಂತಿಗೆ, ಕಟ್ಟಿದ್ದು ಸುಮಾರು 19.5 ಲಕ್ಷ. ಅದರಲ್ಲಿ ಅಸಲು ತೀರಿದ್ದು 7 ಲಕ್ಷದಷ್ಟು ಮಾತ್ರ, ಉಳಿದ ಹನ್ನೆರಡೂವರೆ ಲಕ್ಷ ಬಡ್ಡಿ. ನೋಂದಣಿ ಖರ್ಚು ಬೇರೆ: ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ವ್ಯಾಪ್ತಿಯಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು 2 ಆಗಿದೆ. ಒಟ್ಟು ಶೇ. 7.6, ಅಂದರೆ 3.8 ಲಕ್ಷ. ಬಡ್ಡಿ, ನೋಂದಣಿ ಸೇರಿ ಮರಳಿ ಬಾರದ ಹಣ 16 ಲಕ್ಷ ದಾಟಿತು. ಅದೇ ಅವಧಿಗೆ ತಿಂಗಳಿಗೆ 12,000 ಬಾಡಿಗೆ ಕಟ್ಟಿದ್ದರೆ ಎಂಟು ಲಕ್ಷದೊಳಗೆ ಮುಗಿಯುತ್ತಿತ್ತು. ಕೋರ್ಸ್ ಮುಗಿದ ಮೇಲೆ ಮಾರಿದರೆ ಲಾಭದ ಮೇಲೆ ಶೇ. 12.5 ತೆರಿಗೆ, ದಲಾಲಿ ಪ್ರತ್ಯೇಕ. ಮನೆಯ ಬೆಲೆ ಈ ಅಂತರವನ್ನೆಲ್ಲ ತುಂಬುವಷ್ಟು ಏರಿದರೆ ಮಾತ್ರ ಸರಿಸಮ. ಎಂಬಿಬಿಎಸ್ ಮುಗಿಸಿದ ಮಗು ಪಿಜಿ ಸೀಟು ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತದೆ, ಅದು ದಾವಣಗೆರೆಯೇ ಆಗಬೇಕೆಂದಿಲ್ಲ. ಅಪ್ಪ ಅಮ್ಮನಿಗೆ ಊರು ಹಿಡಿಸಿ, ಇಲ್ಲೇ ಹದಿನೈದು ಇಪ್ಪತ್ತು ವರ್ಷ ಇರುತ್ತೇವೆ ಎಂದಾದರೆ ಈ ಲೆಕ್ಕವೇ ತಿರುಗುತ್ತದೆ.

ಮಗು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿದ್ದರೆ ಮಾತು ಇನ್ನೂ ಚಿಕ್ಕದು. ಅಲ್ಲಿ ಓದಿನ ಖರ್ಚು ಸರ್ಕಾರದ್ದು, ವಾಸ ಆವರಣದಲ್ಲೇ, ಓದು ಮುಗಿದ ಮೇಲೆ ಬಾಂಡ್ ಪ್ರಕಾರ ಸೇನಾ ವೈದ್ಯಾಧಿಕಾರಿಯಾಗಿ ಸೇವೆ. ಹಾಕಿದ ಊರಿಗೆ ಹೋಗುವವರು ಅವರು. ಕೆಡೆಟ್ ಆಗಿರುವಾಗ ಅವರ ಹೆಸರಿನಲ್ಲಿ ಸಾಲದ ಮಾತೇ ಬೇಡ. ಸಂಬಳ ಶುರುವಾಗಲಿ.

ಪಿಂಚಣಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಎಡವುವುದು ಇಲ್ಲೇ. ಸೇನೆಯಲ್ಲಿ ಪಿಂಚಣಿಯ ಅರ್ಧದವರೆಗೆ ಕಮ್ಯೂಟ್ ಮಾಡಬಹುದು, ಕಡಿತವಾದ ಆ ಭಾಗ 15 ವರ್ಷಕ್ಕೆ ಮರಳುತ್ತದೆ. ತುಟ್ಟಿ ಪರಿಹಾರ ಮಾತ್ರ ಕಡಿತಕ್ಕೆ ಮುಂಚಿನ ಪೂರ್ತಿ ಮೂಲ ಪಿಂಚಣಿಯ ಮೇಲೆ ಬರುತ್ತದೆ. ಬ್ಯಾಂಕು ನೋಡುವುದು ಕೈಗೆ ಬರುವ ನಿವ್ವಳ ಪಿಂಚಣಿಯನ್ನು. ಹೆಚ್ಚು ಕಮ್ಯೂಟ್ ಮಾಡಿದಷ್ಟೂ ಮುಂಗಡಕ್ಕೆ ಹಣ ಹೆಚ್ಚು, ಸಾಲದ ಅರ್ಹತೆ ಕಡಿಮೆ. ನಿವೃತ್ತಿ ಕಾಗದ ಕೊಡುವ ಮೊದಲೇ ಮನೆಯ ಯೋಚನೆ ಇದ್ದರೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಲೆಕ್ಕ ಹಾಕಿ.

ಇನ್ನೊಂದು ಪರೀಕ್ಷೆ ಹೇಳಲು ಕಷ್ಟ, ಆದರೆ ಹೇಳಲೇಬೇಕು. ಪಿಂಚಣಿ ಕೊನೆಯ ವೇತನದ ಅರ್ಧ. ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ ಮೊದಲ ಏಳು ವರ್ಷ, ಅಥವಾ ತೀರಿಕೊಂಡವರಿಗೆ 67 ತುಂಬಬೇಕಾಗಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯತನಕ ಹೆಚ್ಚಿನ ದರ, ಆಮೇಲೆ ಸಾಮಾನ್ಯ ಕುಟುಂಬ ಪಿಂಚಣಿ, ಕೊನೆಯ ವೇತನದ ಶೇ. 30. ನಿಮ್ಮ ಇಎಂಐಯನ್ನು ಆ ಶೇ. 30ರ ಎದುರು ಇಟ್ಟು ನೋಡಿ. ತಡೆಯದಿದ್ದರೆ ಸಾಲ ಇಳಿಸಿ, ಇಲ್ಲವೇ ಸಾಲದ ಮೊತ್ತಕ್ಕೆ ಟರ್ಮ್ ವಿಮೆ ಮಾಡಿಸಿ. ಬ್ಯಾಂಕಿನವರು ಸಾಲದ ಜೊತೆ ಒಂದೇ ಕಂತಿನ ವಿಮೆ ಕಟ್ಟಿಕೊಡುತ್ತಾರೆ. ಅದರ ಪ್ರೀಮಿಯಂ ಸಾಲಕ್ಕೇ ಸೇರಿ ಅದಕ್ಕೂ ಬಡ್ಡಿ ಬೀಳುತ್ತದೆ, ಆದ್ದರಿಂದ ಹೊರಗಿನ ಟರ್ಮ್ ವಿಮೆಯ ದರವನ್ನೂ ಕೇಳಿ ನೋಡಿ.

ಶಿಕ್ಷಣ ಸಾಲ ಬೇಕಿದ್ದರೆ ಅನುಕ್ರಮ ಮುಖ್ಯ. ಮಗುವಿನ ಶಿಕ್ಷಣ ಸಾಲಕ್ಕೆ ಅಪ್ಪ ಸಹ ಅರ್ಜಿದಾರ. ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗದಿದ್ದರೂ ಆ ಸಾಲ ಅಪ್ಪನ ಸಿಬಿಲ್ ವರದಿಯಲ್ಲಿ (ಬ್ಯಾಂಕುಗಳು ನೋಡುವ ಸಾಲದ ಇತಿಹಾಸ) ಕಾಣುತ್ತದೆ, ಗೃಹಸಾಲದ ಅರ್ಹತೆಯನ್ನು ತಗ್ಗಿಸುತ್ತದೆ. ಎರಡನ್ನೂ ಒಂದೇ ಬ್ಯಾಂಕಿನ ಮುಂದಿಟ್ಟು ಒಟ್ಟು ಎಷ್ಟು ತಾಳುತ್ತದೆ ಎಂದು ಮೊದಲೇ ಕೇಳುವುದು ಲೇಸು. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90, 30ರಿಂದ 75 ಲಕ್ಷಕ್ಕೆ ಶೇ. 80. ಪಿಂಚಣಿದಾರರಿಗೆ ಸಾಲದ ಅವಧಿ ಸಾಮಾನ್ಯವಾಗಿ 70ರಿಂದ 75 ವಯಸ್ಸಿನೊಳಗೆ ಮುಗಿಯಬೇಕು. ಮೇಲಿನ ಉದಾಹರಣೆಯಲ್ಲಿ ಕೈಯಿಂದ ಹೊರಡುವುದು 20 ಲಕ್ಷ ಅಲ್ಲ, 23.8 ಲಕ್ಷ. ಅದರ ಮೇಲೆ ವಕೀಲರು, ಮೌಲ್ಯಮಾಪನ, ಬ್ಯಾಂಕಿನ ಹಕ್ಕುಪತ್ರ ಠೇವಣಿ ಪತ್ರದ ಶುಲ್ಕ, ಮನೆ ಸಾಗಿಸುವ ಖರ್ಚು ಎಂದು ಒಂದು ಲಕ್ಷವಾದರೂ ತೆಗೆದಿಡಿ.

ಕ್ರಯಪತ್ರದಲ್ಲಿ ಮಗುವಿನ ಹೆಸರು ಸೇರಿಸಬೇಕೇ? ಬೇಡ. ಸಹಮಾಲೀಕರನ್ನೆಲ್ಲ ಬ್ಯಾಂಕು ಸಾಲಕ್ಕೂ ಸೇರಿಸುತ್ತದೆ, ಆದಾಯವಿಲ್ಲದ ವಿದ್ಯಾರ್ಥಿಯ ತಲೆಯ ಮೇಲೆ 30 ಲಕ್ಷದ ಹೊಣೆ ದಾಖಲಾಗುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರಲಿ. ಮುಂದೆ ಮಗಳಿಗೆ ಕೊಡಬೇಕಾದರೆ ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇಕಡಾವಾರು ಅಲ್ಲ, ಕೆಲವು ಸಾವಿರ ರೂಪಾಯಿಯ ನಿಗದಿತ ಶುಲ್ಕ.

ಇನ್ನು ಕಾಗದಪತ್ರ. ದಾವಣಗೆರೆ ಸುತ್ತಲಿನ ಹೊಸ ಬಡಾವಣೆಗಳು ಒಂದು ಕಾಲಕ್ಕೆ ಹೊಲಗದ್ದೆ. ಆದ್ದರಿಂದ ಮನೆಯ ಕಾಗದವನ್ನು ಹೊಲದ ಕಾಗದದಿಂದ ಶುರುಮಾಡಿ ಓದಬೇಕು: ಹಳೆಯ ಪಹಣಿ, ಮ್ಯುಟೇಶನ್, ಕೃಷಿಯೇತರ ಭೂಪರಿವರ್ತನೆ ಆದೇಶ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ನಕ್ಷೆ, ನಿಮ್ಮ ಸೈಟಿನ ಸಂಖ್ಯೆ ಇರುವ ಬಿಡುಗಡೆ ಆದೇಶ. ಜನರ ಬಾಯಲ್ಲಿ ಈ ಪ್ರಾಧಿಕಾರವೇ ದೂಡಾ. 'ದೂಡಾ ಅಪ್ರೂವ್ಡ್' ಎಂದು ದಲಾಲಿ ಹೇಳಿದರೆ ನಕ್ಷೆಯ ಪ್ರತಿ ಕೇಳಿ, ಅದರಲ್ಲಿ ಸೈಟು ಇದೆಯೇ, ಇಲ್ಲಾ ಉದ್ಯಾನಕ್ಕೆ ಬಿಟ್ಟ ಜಾಗವೇ ಎಂದು ನೀವೇ ಹುಡುಕಿ.

ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೋ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೋ 30 ವರ್ಷದ ಋಣಭಾರ ಪತ್ರ (ಇ.ಸಿ.) ತೆಗೆಸಿ. ಆದರೆ ಇ.ಸಿ. ಒಂದನ್ನೇ ನಂಬಬೇಡಿ. ಅದರಲ್ಲಿ ಬರುವುದು ನೋಂದಾಯಿತ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು, ಕೋರ್ಟಿನ ದಾವೆ ಅದರಲ್ಲಿ ಕಾಣುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ, ಅದರಲ್ಲಿರುವ ಹೆಣ್ಣುಮಕ್ಕಳೆಲ್ಲ ಸಹಿ ಹಾಕಿದ್ದಾರೆಯೇ ನೋಡಿ. 2005ರ ತಿದ್ದುಪಡಿಯ ನಂತರ ಅವರಿಗೂ ಸಮಪಾಲು. 'ಅಕ್ಕ ಮದುವೆಯಾಗಿ ಹೋಗಿದ್ದಾರೆ, ಅವರದೇನಿಲ್ಲ' ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಮಂಜೂರಾತಿ ಜಮೀನಿನ ಮೂಲವಿದ್ದರೆ ಎರಡು ಪಟ್ಟು ಎಚ್ಚರ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, ಪಿ.ಟಿ.ಸಿ.ಎಲ್. ಎಂದು ಕರೆಯುವ 1978ರ ಕಾಯ್ದೆಯಂತೆ ಆ ಕ್ರಯವೇ ಅಸಿಂಧು. 2023ರ ತಿದ್ದುಪಡಿಯಿಂದ ಹಳೆಯ ಪ್ರಕರಣಕ್ಕೂ ಕಾಲಮಿತಿಯ ಅಡ್ಡಿ ಇಲ್ಲ. ಮಾಜಿ ಸೈನಿಕರಿಗೆ ಮಂಜೂರಾದ ಜಮೀನಿಗೂ ಪರಭಾರೆ ಮಾಡಬಾರದ ಅವಧಿ ಇರುತ್ತದೆ. ಅಂಥ ನಿಮ್ಮದೇ ಜಮೀನು ಮಾರಿ ಮನೆಗೆ ಹಣ ಹೊಂದಿಸುವ ಯೋಚನೆಯಿದ್ದರೆ, ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಮಂಜೂರಾತಿ ಆದೇಶದ ಷರತ್ತು ಓದಿ.

ನಗರದ ಆಸ್ತಿಗೆ ಇ-ಖಾತೆ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಖಾತೆ ಅಧಿಕೃತ ಆಸ್ತಿಗೆ ಕೊಡುವ 'ಎ'ಯೋ, ಅನಧಿಕೃತಕ್ಕೆ ಕೊಡುವ 'ಬಿ'ಯೋ ನೋಡಿ. 2025ರ ಫೆಬ್ರುವರಿಯಲ್ಲಿ ಶುರುವಾದ ಅಭಿಯಾನದಲ್ಲಿ ಅನಧಿಕೃತ ಬಡಾವಣೆಗಳಿಗೂ ಬಿ-ಖಾತೆ ಕೊಟ್ಟರು. ಅದರಿಂದ ಕಂದಾಯ ಕಟ್ಟಬಹುದು, ಆದರೆ ಬಡಾವಣೆ ಸಕ್ರಮವಾಗುವುದಿಲ್ಲ. ಬಿ-ಖಾತೆಗೆ ದೊಡ್ಡ ಬ್ಯಾಂಕುಗಳು ಸಾಲ ಕೊಡಲು ಹಿಂದೆಗೆಯುತ್ತವೆ. ಅಗ್ಗದ ಮನೆ ಎಂದು ಕೊಂಡರೆ ನಾಳೆ ನಿಮ್ಮಿಂದ ಕೊಳ್ಳುವವರಿಗೂ ಅದೇ ತೊಡಕು.

ಅಡ್ವಾನ್ಸ್ ಶೇ. 10 ಮೀರದಿರಲಿ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಕರಾರುಪತ್ರದಲ್ಲಿ 'ಹಕ್ಕಿನ ದೋಷದಿಂದ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸ್' ಎಂಬ ಸಾಲು ಇರಲೇಬೇಕು.

ಕಾಗದ ಸರಿಯಿದ್ದರೂ ಮನೆ ಸರಿಯಿರಬೇಕಲ್ಲ. ಇಲ್ಲಿ ಎರೆ ಮಣ್ಣಿನ ನೆಲವೂ ಇದೆ, ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಗದ್ದೆಯಾಗಿದ್ದ ನೆಲವೂ ಇದೆ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಡಿಪಾಯ ಆಳಕ್ಕೆ ಹೋಗದ ಮನೆಯಲ್ಲಿ ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಗಾರೆಯ ಕೂದಲೆಳೆ ಬಿರುಕು ಸಹಜ. ಮೂರು ಮಿಲಿಮೀಟರ್ ದಾಟಿದ, ಗೋಡೆಯ ಎರಡೂ ಬದಿ ಕಾಣುವ ಓರೆ ಬಿರುಕು ಇದ್ದರೆ ಸಿವಿಲ್ ಎಂಜಿನಿಯರರನ್ನು ಕರೆದುಕೊಂಡು ಹೋಗಿ. ಹೊಸದಾಗಿ ಬಣ್ಣ ಹೊಡೆದ ಮನೆಯಲ್ಲಿ ಕಪಾಟಿನ ಒಳಗೋಡೆ, ಮೆಟ್ಟಿಲ ಕೆಳಭಾಗ ನೋಡಿ, ಅಲ್ಲಿ ಬಣ್ಣ ಬಳಿದಿರುವುದಿಲ್ಲ. ಗದ್ದೆಯಾಗಿದ್ದ ಕಡೆ ನಾಲೆಗೆ ನೀರು ಬಿಟ್ಟ ತಿಂಗಳಲ್ಲಿ ಹೋಗಿ ನೋಡಿ. ಗೋಡೆಯ ಕೆಳಗಿನ ಎರಡಡಿಯಲ್ಲಿ ಉಪ್ಪು ಉದುರುತ್ತಿದ್ದರೆ ನೆಲದ ತೇವ ಏರುತ್ತಿದೆ ಎಂದರ್ಥ.

ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಎಂದು ಮಾರುವವರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಿ. ನಾಲ್ಕು ಜನಕ್ಕೆ ತಲಾ 135 ಲೀಟರಿನಂತೆ ದಿನಕ್ಕೆ 540 ಲೀಟರ್ ಬೇಕು. ಐದು ದಿನ ನೀರು ಬಾರದಿದ್ದರೆ 2,700. ಆರಡಿ ಉದ್ದ, ಆರಡಿ ಅಗಲ, ಐದಡಿ ಆಳದ ಸಂಪ್ ಸುಮಾರು 5,000 ಲೀಟರ್ ಹಿಡಿಯುತ್ತದೆ, ಇದು ಸಾಕು.

ಜಾಗ ಆರಿಸುವಾಗ ಮೊದಲ ವರ್ಷದ ತರಗತಿಗಿಂತ ಕೊನೆಯ ವರ್ಷದ ಇಂಟರ್ನ್‌ಶಿಪ್ ನೆನಪಿರಲಿ. ಜೆ.ಜೆ.ಎಂ. ವಿದ್ಯಾರ್ಥಿಗಳು ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಗಳ ನಡುವೆ ಓಡಾಡಬೇಕು. ಅವರಿಗೆ ವಿದ್ಯಾನಗರ, ಎಂ.ಸಿ.ಸಿ. 'ಬಿ' ಬ್ಲಾಕಿನಂಥ ಕಡೆ ಅನುಕೂಲ. ಎಸ್.ಎಸ್. ಕಾಲೇಜು ಹೆದ್ದಾರಿ ಬೈಪಾಸ್ ಬದಿ. ರಾತ್ರಿ ಡ್ಯೂಟಿ ಮುಗಿಸಿ ಬರುವ ದಾರಿಯನ್ನು ರಾತ್ರಿಯೇ ಹೋಗಿ ನೋಡಿ, ಬೀದಿ ದೀಪ ಇದೆಯೇ, ಆಟೋ ಸಿಗುತ್ತದೆಯೇ ಎಂದು.

ಅಪ್ಪ ಇನ್ನೂ ಸೇವೆಯಲ್ಲಿದ್ದು ರಜೆ ಸಿಗದಿದ್ದರೆ, ಹೆಂಡತಿಗೆ ಈ ಒಂದು ಖರೀದಿಗಷ್ಟೇ ಸೀಮಿತವಾದ ಮುಖ್ತ್ಯಾರುಪತ್ರ ಕೊಡಬಹುದು. ಬರೀ ನೋಟರಿ ಸಾಲದು, ತಾವಿರುವ ಊರಿನ ಸಬ್‌ರಿಜಿಸ್ಟ್ರಾರ್ ಎದುರು ಮಾಡಿಸಬೇಕು. ಅದರಲ್ಲಿ ಆಸ್ತಿಯ ಚಕ್ಕುಬಂದಿ (ನಾಲ್ಕು ಬದಿಯ ಗಡಿ ವಿವರ) ಕ್ರಯಪತ್ರದಲ್ಲಿ ಇರುವಂತೆಯೇ ಇರಲಿ, ಸಾಲದ ಕಾಗದಕ್ಕೆ ಸಹಿ ಹಾಕುವ ಅಧಿಕಾರವನ್ನೂ ಬರೆಯಿರಿ. ಬ್ಯಾಂಕಿಗೆ ಕರಡು ತೋರಿಸಿ ಒಪ್ಪಿಸಿದ ಮೇಲೆಯೇ ನೋಂದಾಯಿಸಿ, ಇಲ್ಲದಿದ್ದರೆ ಮತ್ತೊಂದು ಮುಖ್ತ್ಯಾರುಪತ್ರ ಸಿಯಾಚಿನ್‌ನಿಂದಲೋ ತೇಜ್‌ಪುರದಿಂದಲೋ ಬರುವವರೆಗೆ ಕಾಯಬೇಕಾಗುತ್ತದೆ.

ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಿಂದ ಶೇ. 1ನ್ನು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಎಂದು ಹಿಡಿದು ನೀವೇ ಕಟ್ಟಬೇಕು, ಅದಕ್ಕೆ ಪ್ಯಾನ್ ಸಾಕು. ನೋಂದಣಿಯಾದ ಮೇಲೆ ಹೊಸ ಇ.ಸಿ. ತೆಗೆಸಿ ನಿಮ್ಮ ಹೆಸರು ಬಂದಿದೆಯೇ ನೋಡಿ, ಪಾಲಿಕೆಯಲ್ಲಿ ಖಾತೆ, ಬೆಸ್ಕಾಂನಲ್ಲಿ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ, ನೀರಿನ ಸಂಪರ್ಕ ಮೂರನ್ನೂ ಬದಲಿಸಿಕೊಳ್ಳಿ. ಬ್ಯಾಂಕಿಗೆ ಮೂಲಪತ್ರ ಒಪ್ಪಿಸುವಾಗ ಪುಟಗಳ ಸಂಖ್ಯೆ ಸಹಿತ ಪಟ್ಟಿ ಮಾಡಿಸಿ ಸೀಲು ಹಾಕಿಸಿಕೊಳ್ಳಿ. ಮಗಳ ವಿದ್ಯಾರ್ಥಿವೇತನದ ಖಾತೆಯನ್ನು ಇಎಂಐ ಖಾತೆಗೆ ಜೋಡಿಸಬೇಡಿ. ಹೊಸ ವಿಳಾಸವನ್ನು ಆಧಾರ್‌ನಲ್ಲಿ ಬದಲಿಸಿದ ಮೇಲೆ, ಮುಂದಿನ ನವೀಕರಣದ ಅರ್ಜಿಯಲ್ಲೂ ಅದೇ ವಿಳಾಸ ಬರೆಯಲು ಹೇಳಿ.