ಹಿತ್ತಾಳೆ ಅಚ್ಚಿಗೆ ಹೊಳಪು ಬೇಡ

ಹೊಸದಾಗಿ ಕೆಲಸಕ್ಕೆ ಸೇರುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ: ಅಚ್ಚು ಕಂದಾಗಿದೆ ಎಂದು ಅದನ್ನು ಉಜ್ಜಿ ಬೆಳಗಲು ಹೋಗಬೇಡಿ. ಮೀನಿನ ಬಲೆಗೂ ಗಾಳಕ್ಕೂ ಕಟ್ಟುವ ಸೀಸದ ಗುಂಡುಗಳನ್ನು ನಾವು ಎರಕ ಹೊಯ್ಯುತ್ತೇವೆ. ಹಿತ್ತಾಳೆ ಅಚ್ಚುಗಳ ಹೊಣೆ ನನ್ನದು. ಮಂಕಾದ ಹಿತ್ತಾಳೆಯನ್ನು ಕಂಡರೆ ಯಾರ ಕೈಯಾದರೂ ಹುಳಿಗೋ ಉಪ್ಪುಕಾಗದಕ್ಕೋ ಚಾಚುತ್ತದೆ. ಅಚ್ಚು ಹಾಳಾಗುವುದು ಅಲ್ಲಿಂದಲೇ.

ಪಾತ್ರೆಗೆ ಕಲಾಯಿ ಹಾಕುವವರು ಮೊದಲು ಹಿತ್ತಾಳೆಯನ್ನು ಚೆನ್ನಾಗಿ ಉಜ್ಜಿ, ಕಾಯಿಸಿ, ಆಮೇಲೆ ತವರ ಸವರುತ್ತಾರೆ. ಬೆಳಗಿದ ಅಚ್ಚಿಗೆ ಸೀಸ ಹೊಯ್ದರೆ ನಡೆಯುವುದೂ ಅದೇ ಕಲಾಯಿ. ಗುಜರಿಯಿಂದ ಬಂದ ಸೀಸದಲ್ಲಿ ಹಳೆಯ ಬೆಸುಗೆಯ ತವರ ಬೆರೆತಿರುವುದು ಸಾಮಾನ್ಯ. ಅದು ಬರಿಯ ಹಿತ್ತಾಳೆಗೆ ಕಚ್ಚಿಕೊಳ್ಳುತ್ತದೆ. ಮೊದಲು ಗುಳಿಯ ಅಂಚಿನಲ್ಲಿ ಬೆಳ್ಳಗಿನ ಒಂದು ಚುಕ್ಕೆ ಕಾಣುತ್ತದೆ. ಗಮನಿಸದೆ ಹೊಯ್ಯುತ್ತಾ ಹೋದರೆ ಅದು ಹರಡಿ, ಗುಂಡು ಅಚ್ಚಿನಿಂದ ಕಳಚುವುದೇ ಇಲ್ಲ. ಕಾಯುತ್ತಾ ಆರುತ್ತಾ ಹಿತ್ತಾಳೆಯ ಮೇಲೆ ಮೂಡುವ ಆ ಕಂದು ಪೊರೆಯೇ ತವರವನ್ನು ದೂರವಿಡುವ ತಡೆ. ಅದು ಕೊಳೆಯಲ್ಲ.

ಹಾಗಾದರೆ ತೊಳೆಯುವುದೇ ಬೇಡವೇ? ಬೇಕು, ಎಣ್ಣೆ ಹೋಗುವಷ್ಟು. ಹೊಸ ಅಚ್ಚಿನಲ್ಲಿ ಲೇತಿನ ಎಣ್ಣೆ ಉಳಿದಿರುತ್ತದೆ. ಅದರ ಹೊಗೆಗೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ತೊಳೆದ ಮೇಲೆ ಪೂರ್ತಿ ಒಣಗಿಸಲೇಬೇಕು. ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿಯಲ್ಲಿ ಒಂದು ಹನಿ ನೀರು ಸಿಕ್ಕಿಬಿದ್ದರೂ ಆವಿಯಾಗಿ ಸಿಡಿದು ಸೀಸವನ್ನು ಮುಖಕ್ಕೆ ಎರಚುತ್ತದೆ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಒಣಗಿದ ಅಚ್ಚನ್ನು ಸೀಸ ಹೊಯ್ಯದೆ ಕೆಲವು ಬಾರಿ ಕಾಯಿಸಿ ಆರಿಸಿದರೆ ಪೊರೆ ಕಟ್ಟಲು ಶುರುವಾಗುತ್ತದೆ.

ಅಮೋನಿಯಾ ಇರುವ ದ್ರಾವಣಗಳನ್ನು ಹತ್ತಿರ ಸೇರಿಸಬಾರದು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಉಗ್ರಾಣಗಳಲ್ಲಿ ಮಳೆಗಾಲ ಬಂದರೆ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಲಾಯಗಳಿಂದ ಬರುತ್ತಿದ್ದ ಅಮೋನಿಯಾ ಅದಕ್ಕೆ ಕಾರಣವೆಂದು ಆಮೇಲೆ ಗೊತ್ತಾಯಿತು. ತಯಾರಿಕೆಯಲ್ಲಿ ಒಳಗೆ ಬಿಗಿತ ಉಳಿದ ಹಿತ್ತಾಳೆಗೆ ಅದು ಅಷ್ಟು ಕೆಡುಕು.

ಸೀಸ ಅಂಟಿದ್ದರೆ ಚಾಕು, ಸೂಜಿ ಯಾವುದನ್ನೂ ಮುಟ್ಟಬೇಡಿ. ಅಚ್ಚನ್ನು ಸೀಸ ಮೆತ್ತಗಾಗುವಷ್ಟು ಕಾಯಿಸಿ, ಹತ್ತಿಬಟ್ಟೆಯಿಂದಲೋ ಚೂಪು ಮಾಡಿದ ಬಿದಿರು ಕಡ್ಡಿಯಿಂದಲೋ ಒರೆಸಿ ತೆಗೆಯಿರಿ. ಅಚ್ಚಿನ ಎರಡು ಹೋಳುಗಳು ಕೂಡುವ ಮೈಯಲ್ಲಿ ಕೂದಲೆಳೆಯಂಥ ಗೀರುಗಳಿವೆ. ಗುಳಿಯ ಗಾಳಿ ಹೊರಗೆ ಹೋಗಲು ಅವೇ ದಾರಿ. ಉಕ್ಕಿನ ಮೊನೆ ತಾಗಿದರೆ ಅವು ಅಳಿಸಿಹೋಗುತ್ತವೆ, ಗುಂಡಿನ ಮೂಲೆಗಳು ತುಂಬುವುದಿಲ್ಲ. ಗುಂಡು ಬೀಳದಿದ್ದರೆ ಹಿಡಿಯ ತಿರುಗಣೆಯ ಪಿನ್ನಿಗೆ ಮರದ ಕೊಡತಿಯಿಂದ ತಟ್ಟಿ. ಅಚ್ಚಿನ ಮೈಗೆ ಎಂದೂ ಬೇಡ.

ಎಣ್ಣೆ ಬೇಕಾದದ್ದು ಮೇಲ್ತಟ್ಟೆಯ, ಅಂದರೆ ಅಚ್ಚಿನ ಮೇಲೆ ಕೂರುವ, ಸೀಸ ಹೊಯ್ಯುವ ತೂತಿರುವ ತಟ್ಟೆಯ, ತಿರುಗಣೆಗೆ ಮತ್ತು ಹೋಳುಗಳನ್ನು ಸರಿಗೂಡಿಸುವ ಪಿನ್ನುಗಳಿಗೆ ಮಾತ್ರ. ಅಚ್ಚು ಬಿಸಿಯಿರುವಾಗ ಹತ್ತಿ ಸುತ್ತಿದ ಕಡ್ಡಿಯನ್ನು ಟೂ-ಸ್ಟ್ರೋಕ್ ಇಂಜಿನ್ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಒಮ್ಮೆ ತಾಗಿಸಿದರೆ ಮುಗಿಯಿತು. ಹೆಚ್ಚಾದರೆ ಗುಳಿಗೆ ಹರಿದು ಮತ್ತೆ ಸುಕ್ಕು. ಬಿಸಿ ಅಚ್ಚನ್ನು ನೀರಿಗೆ ಅದ್ದಿ ಆರಿಸಿದರೆ ಹೋಳುಗಳು ಸೊಟ್ಟಗಾಗುತ್ತವೆ. ಎತ್ತಿಡುವಾಗ ಹಿತ್ತಾಳೆಗೆ ತುಕ್ಕಿನ ಭಯವಿಲ್ಲ, ಉಕ್ಕಿನ ಮೇಲ್ತಟ್ಟೆಗೂ ತಿರುಪುಗಳಿಗೂ ಇದೆ. ಅವನ್ನು ಎಣ್ಣೆಬಟ್ಟೆಯಿಂದ ಒರೆಸಿ ಒಣ ಡಬ್ಬಿಯಲ್ಲಿಡುತ್ತೇನೆ.

ಅಚ್ಚು ಒರೆಸಿದ ಬಟ್ಟೆಗಳಲ್ಲಿ ಸೀಸದ ಪುಡಿ ಇರುತ್ತದೆ. ಅವನ್ನು ಕೊಡವಬೇಡಿ, ಸುಡಬೇಡಿ. ಮುಚ್ಚಳವಿರುವ ಬೇರೆ ಡಬ್ಬಿಗೆ ಹಾಕಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಕೆಲಸದ ಬಟ್ಟೆ ಮನೆಗೆ, ಮಕ್ಕಳಿರುವ ಕಡೆಗೆ ಹೋಗುವಂತಿಲ್ಲ.